ಜಗಳ ಕನ್ಸೋಲಿನದ್ದೋ, ಟಿವಿಯದ್ದೋ? ರೇಸಿಂಗ್ ಆಟಗಳ ಬಗ್ಗೆ ಡೊಂಬಿವಿಲಿಯಿಂದ ಬಂದ ಪ್ರಶ್ನೆ

ಪ್ರಶ್ನೆ: ನಾವು ಕುಂದಾಪುರದ ಕಡೆಯವರು, ಡೊಂಬಿವಿಲಿಯಲ್ಲಿ ನೆಲೆಸಿದ್ದೇವೆ. ಮಗ ಹನ್ನೊಂದನೆಯ ತರಗತಿಯಲ್ಲಿದ್ದಾನೆ. ಅಂಧೇರಿಯಲ್ಲಿ ಕೆಲಸ ಮಾಡುವ ನನ್ನ ತಮ್ಮನೂ ನಮ್ಮ ಜೊತೆಗೇ ಇದ್ದಾನೆ. ಅವನ ಹಳೆಯ ಕನ್ಸೋಲಿನಲ್ಲಿ, ಅಂದರೆ ಟಿವಿಗೆ ಜೋಡಿಸುವ ಆಟದ ಪೆಟ್ಟಿಗೆಯಾದ ಎಕ್ಸ್‌ಬಾಕ್ಸ್ ಒನ್ ಎಸ್‌ನಲ್ಲಿ ಇಬ್ಬರೂ ಸರದಿಯ ಮೇಲೆ ಫೋರ್ಝಾ ಹೊರೈಜನ್ 5 ಎಂಬ ಕಾರು ರೇಸಿನ ಆಟ ಆಡುತ್ತಿದ್ದರು. ಮಗ ಗೆಳೆಯನ ಮನೆಯಲ್ಲಿ ಸೋನಿಯ ಪ್ಲೇಸ್ಟೇಷನ್ 5ರ ಮೇಲೆ ಗ್ರ್ಯಾನ್ ಟುರಿಸ್ಮೊ 7 ಆಡಿ ಬಂದ ದಿನದಿಂದ ಮನೆಯಲ್ಲಿ ನೆಮ್ಮದಿಯಿಲ್ಲ. ‘ಮಾವನ ಎಕ್ಸ್‌ಬಾಕ್ಸಿನಲ್ಲಿ ಕೈ ತಿರುಗಿಸಿದ ಮೇಲೆ ಕಾರು ಯೋಚನೆ ಮಾಡಿ ತಿರುಗುತ್ತದೆ’ ಎಂದು ಇವನು, ‘ನಿನ್ನದು ಆಟವಲ್ಲ, ಡ್ರೈವಿಂಗ್ ಸ್ಕೂಲು’ ಎಂದು ಅವನು. ಹಬ್ಬಕ್ಕೆ ಹೊಸದೊಂದು ಕೊಡಿಸೋಣವೆಂದಿದ್ದೇವೆ, ಯಾವುದು ಎಂದು ತಿಳಿಯದು. ಸ್ಟಿಯರಿಂಗ್ ಚಕ್ರವೂ ಬೇಕಂತೆ, ಅದರಿಂದ ಮುಂದೆ ನಿಜವಾದ ಕಾರು ಓಡಿಸುವುದು ಸುಲಭವಾಗುತ್ತದಂತೆ. ನನಗಿರುವ ಹೆದರಿಕೆ ಅದರ ತಿರುಗುಮುರುಗು: ಇಂಥ ಆಟ ಆಡಿದ ಹುಡುಗ ನಾಳೆ ರಸ್ತೆಯಲ್ಲೂ ಹಾಗೆಯೇ ಓಡಿಸಿದರೆ? ಪಕ್ಕದಲ್ಲಿ ಕುಳಿತು ನೋಡಿದರೆ ನನಗೆ ತಲೆ ಸುತ್ತುತ್ತದೆ, ಆಡುವವರಿಗೆ ಏನೂ ಆಗುವುದಿಲ್ಲ, ಅದೇಕೆ? ಕೊನೆಯದಾಗಿ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ಆಮದಾದ ಪೆಟ್ಟಿಗೆ ಕಡಿಮೆ ಬೆಲೆಗೆ ಸಿಗುತ್ತದೆ ಎನ್ನುತ್ತಾರೆ. ಕೊಳ್ಳಬಹುದೇ?

ಉತ್ತರ: ನಾನು ಪುಣೆಯಲ್ಲಿ ಆಟಗಳ ಗುಣಮಟ್ಟ ಪರೀಕ್ಷೆಯ ಕೆಲಸದಲ್ಲಿರುವವನು. ಒಂದೇ ತಿರುವನ್ನು ದಿನವಿಡೀ ಬೇರೆ ಬೇರೆ ಕನ್ಸೋಲುಗಳಲ್ಲಿ, ಬೇರೆ ಬೇರೆ ಪರದೆಗಳ ಮೇಲೆ ತೆಗೆದುಕೊಂಡು ಎಲ್ಲಿ ಏನು ವ್ಯತ್ಯಾಸವಾಯಿತೆಂದು ಬರೆದಿಡುವುದೇ ಈ ವೃತ್ತಿ. ಹಾಗಾಗಿ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ‘ಕಾರು ಯೋಚನೆ ಮಾಡಿ ತಿರುಗುತ್ತದೆ’ ಎಂಬ ಮಾತಿನ ಮೇಲೆ. ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ. ಆದರೆ ಆ ತಡಕ್ಕೆ ಎಕ್ಸ್‌ಬಾಕ್ಸ್ ಒಂದನ್ನೇ ಹೊಣೆ ಮಾಡುವುದು ಸರಿಯಲ್ಲ. ಹೆಚ್ಚಿನ ಪಾಲು ನಿಮ್ಮ ಟಿವಿಯದ್ದೇ ಇರಬೇಕೆಂದು ನನ್ನ ಅಂದಾಜು.

ಇಂದಿನ ಟಿವಿಗಳು ಬಂದ ಚಿತ್ರವನ್ನು ಇದ್ದಂತೆಯೇ ತೋರಿಸುವುದಿಲ್ಲ. ಬಣ್ಣ ತಿದ್ದುತ್ತವೆ, ಅಂಚುಗಳನ್ನು ಚೂಪು ಮಾಡುತ್ತವೆ, ಚಲನೆ ನಯವಾಗಿ ಕಾಣಲೆಂದು ಎರಡು ಚಿತ್ರಗಳ ನಡುವೆ ತಾವೇ ಒಂದನ್ನು ಹುಟ್ಟಿಸಿ ಸೇರಿಸುತ್ತವೆ. ಸಿನಿಮಾ ಅಥವಾ ಕ್ರಿಕೆಟ್ ನೋಡುವಾಗ ಈ ಕೆಲಸಕ್ಕೆ ತಗಲುವ ಕ್ಷಣಭಾಗ ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ನೋಡುವವರು ಪರದೆಗೆ ಏನನ್ನೂ ಆಜ್ಞಾಪಿಸುತ್ತಿರುವುದಿಲ್ಲ. ಆಟದಲ್ಲಿ ಹಾಗಲ್ಲ. ಗಂಟೆಗೆ 200 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 55 ಮೀಟರ್ ಸಾಗುತ್ತದೆ. ಪರದೆ ಸೆಕೆಂಡಿನ ಹತ್ತನೆಯ ಒಂದು ಭಾಗ ತಡ ಮಾಡಿದರೂ ಸಾಕು, ನೀವು ಬ್ರೇಕ್ ಒತ್ತಿದ ಜಾಗಕ್ಕೂ ಕಾರು ಬ್ರೇಕ್ ಹಿಡಿದಂತೆ ಕಾಣುವ ಜಾಗಕ್ಕೂ ಐದೂವರೆ ಮೀಟರ್ ಅಂತರ ಬೀಳುತ್ತದೆ. ಒಂದು ಸಣ್ಣ ಕಾರಿನ ಉದ್ದಕ್ಕಿಂತ ಅದು ಹೆಚ್ಚು. ಹದವಾಗಿ ಕಲಿತ ತಿರುವೂ ತಪ್ಪುವುದು ಹೀಗೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಇಂದಿನ ಅನೇಕ ಫೋನುಗಳಲ್ಲಿ ಸೆಕೆಂಡಿಗೆ 240 ಚಿತ್ರ ಹಿಡಿಯುವ ಸ್ಲೋ ಮೋಷನ್ ಸೌಲಭ್ಯವಿರುತ್ತದೆ. ಕಂಟ್ರೋಲರ್ ಹಿಡಿದ ಕೈಬೆರಳೂ ಟಿವಿಯೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋನನ್ನು ನಿಲ್ಲಿಸಿ, ನಿಂತ ಕಾರಿನ ಹಾರ್ನ್ ಅಥವಾ ದೀಪದ ಗುಂಡಿಯನ್ನು ಒತ್ತಲು ಮಗನಿಗೆ ಹೇಳಿ. ಆಮೇಲೆ ವಿಡಿಯೊವನ್ನು ಒಂದೊಂದೇ ಚಿತ್ರವಾಗಿ ಮುಂದೆ ಸರಿಸುತ್ತ, ಬೆರಳು ಪೂರ್ತಿ ಒತ್ತಿದ ಚಿತ್ರದಿಂದ ಪರದೆಯಲ್ಲಿ ದೀಪ ಹೊತ್ತಿದ ಚಿತ್ರದವರೆಗೆ ಎಣಿಸಿ. ಒಂದೊಂದು ಚಿತ್ರಕ್ಕೆ ಸುಮಾರು ನಾಲ್ಕು ಮಿಲಿಸೆಕೆಂಡ್ ಲೆಕ್ಕ ಹಿಡಿದರೆ ಒಟ್ಟು ತಡ ಸಿಗುತ್ತದೆ. ಬಳಿಕ ಟಿವಿಯ ಚಿತ್ರ ಸೆಟ್ಟಿಂಗಿಗೆ ಹೋಗಿ, ಈ ತಿದ್ದುವ ಕೆಲಸವನ್ನು ಕಡಿಮೆ ಮಾಡುವ ‘ಗೇಮ್ ಮೋಡ್’ ಆನ್ ಮಾಡಿ ಮತ್ತೊಮ್ಮೆ ಎಣಿಸಿ. ಬಹಳಷ್ಟು ಟಿವಿಗಳಲ್ಲಿ ಈ ಸೆಟ್ಟಿಂಗ್ ಒಂದೊಂದು ಎಚ್‌ಡಿಎಂಐ ಕಿಂಡಿಗೂ ಪ್ರತ್ಯೇಕವಾಗಿರುತ್ತದೆ. ಸೆಟ್‌ಟಾಪ್ ಬಾಕ್ಸಿನ ಕಿಂಡಿಗೆ ಆನ್ ಮಾಡಿಟ್ಟು ಕನ್ಸೋಲಿನದ್ದನ್ನು ಮರೆತ ಮನೆಗಳನ್ನು ನಾನು ಕಂಡಿದ್ದೇನೆ.

ಉಳಿದ ಪಾಲು ಮಾತ್ರ ನಿಜಕ್ಕೂ ಪೆಟ್ಟಿಗೆಯದ್ದು. ಎಕ್ಸ್‌ಬಾಕ್ಸ್ ಒನ್ ಎಸ್ 2016ರ ಯಂತ್ರ. ಅದರಲ್ಲಿ ಫೋರ್ಝಾ ಹೊರೈಜನ್ 5 ಸೆಕೆಂಡಿಗೆ 30 ಚಿತ್ರಗಳಂತೆ ಓಡುತ್ತದೆ. ಪ್ಲೇಸ್ಟೇಷನ್ 5ರಲ್ಲಿ ಗ್ರ್ಯಾನ್ ಟುರಿಸ್ಮೊ 7 ಓಡುವುದು 60ರಲ್ಲಿ. ಚಿತ್ರಗಳು ಕಡಿಮೆಯಾದಷ್ಟೂ ಕೈಯ ಆಜ್ಞೆ ಪರದೆಯ ಮೇಲೆ ಕಾಣುವುದು ತಡವಾಗುತ್ತದೆ. ಅಂದರೆ ನಿಮ್ಮ ಮಗ ಹೋಲಿಸಿದ್ದು ಒಂದು ಕಂಪನಿಯನ್ನು ಇನ್ನೊಂದರೊಡನೆ ಅಲ್ಲ, ಹಿಂದಿನ ತಲೆಮಾರಿನ ಯಂತ್ರವನ್ನು ಇಂದಿನದರೊಡನೆ. ಸಮಾನರ ನಡುವಿನ ಪಂದ್ಯವೆಂದರೆ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್. ಇವೆರಡೂ 2020ರ ನವೆಂಬರಿನಲ್ಲಿ ಎರಡೇ ದಿನಗಳ ಅಂತರದಲ್ಲಿ ಜಗತ್ತಿಗೆ ಬಂದವು (ನಮ್ಮಲ್ಲಿಗೆ ಪ್ಲೇಸ್ಟೇಷನ್ ಬಂದದ್ದು 2021ರ ಫೆಬ್ರವರಿಯಲ್ಲಿ), ಎರಡರ ಒಳಗೂ ಎಎಂಡಿ ಕಂಪನಿಯ ಒಂದೇ ಕುಲದ ಚಿಪ್ ಇದೆ, ಎರಡಕ್ಕೂ 16 ಜಿಬಿ ಮೆಮೊರಿ ಇದೆ. ಕಾಗದದ ಮೇಲೆ ಸೀರೀಸ್ ಎಕ್ಸ್ ಯಂತ್ರದ ಚಿತ್ರಶಕ್ತಿ 12 ಟೆರಾಫ್ಲಾಪ್ (ಒಂದು ಟೆರಾಫ್ಲಾಪ್ ಎಂದರೆ ಸೆಕೆಂಡಿಗೆ ಲಕ್ಷ ಕೋಟಿ ಲೆಕ್ಕ), ಪ್ಲೇಸ್ಟೇಷನ್ 5ರದು 10ಕ್ಕಿಂತ ತುಸು ಹೆಚ್ಚು. ಈ ಅಂಕಿಯನ್ನು ಹಿಡಿದುಕೊಂಡು ಹುಡುಗರು ಗಂಟೆಗಟ್ಟಲೆ ವಾದಿಸುತ್ತಾರೆ. ಕೆಲಸದ ನಿಮಿತ್ತ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡುವ ನನಗೆ, ಎರಡರಲ್ಲೂ ಬಂದಿರುವ ಒಂದೇ ಆಟದಲ್ಲಿ ಯಾವುದು ಯಾವುದೆಂದು ಹೇಳಲು ಚಿತ್ರವನ್ನು ನಿಲ್ಲಿಸಿ ದೊಡ್ಡದು ಮಾಡಿ ನೋಡಬೇಕಾಗುತ್ತದೆ. ಇದೇ ತಲೆಮಾರಿನ ಇನ್ನೊಂದು ಎಕ್ಸ್‌ಬಾಕ್ಸ್ ಆದ ಸೀರೀಸ್ ಎಸ್ ಮಾತ್ರ ಬೇರೆ ದರ್ಜೆಯದು: 4 ಟೆರಾಫ್ಲಾಪ್, 10 ಜಿಬಿ ಮೆಮೊರಿ, ಡಿಸ್ಕ್ ಹಾಕಲು ಕಿಂಡಿಯೇ ಇಲ್ಲ. ಬೆಲೆಯೂ ಅದಕ್ಕೆ ತಕ್ಕಂತೆ ಕಡಿಮೆ.

ಕೈಯಲ್ಲಿ ಹಿಡಿಯುವ ಕಂಟ್ರೋಲರಿನಲ್ಲಿ ಒಂದು ನಿಜವಾದ ವ್ಯತ್ಯಾಸವಿದೆ. ಪ್ಲೇಸ್ಟೇಷನ್ 5ರ ಕಂಟ್ರೋಲರಿನಲ್ಲಿ ಬೆರಳಿನಡಿಯ ಟ್ರಿಗರ್‌ಗಳು ತಮ್ಮ ಬಿಗಿತವನ್ನು ತಾವೇ ಬದಲಿಸಿಕೊಳ್ಳುತ್ತವೆ. ಗ್ರ್ಯಾನ್ ಟುರಿಸ್ಮೊ 7ರಲ್ಲಿ ಜೋರಾಗಿ ಬ್ರೇಕ್ ಹಿಡಿದು ಚಕ್ರಗಳು ಜಾರುವ ಅಂಚಿಗೆ ಬಂದು ಎಬಿಎಸ್ (ಚಕ್ರಗಳು ಕಚ್ಚಿಕೊಂಡು ಜಾರದಂತೆ ತಡೆಯುವ ಬ್ರೇಕ್ ವ್ಯವಸ್ಥೆ) ಕೆಲಸ ಶುರುಮಾಡಿದರೆ ಎಡಬೆರಳಿನ ಕೆಳಗೆ ಟ್ರಿಗರ್ ಗಡಗಡ ಒದೆಯುತ್ತದೆ, ಮಳೆಯಲ್ಲಿ ನಿಜವಾದ ಕಾರಿನ ಪೆಡಲ್ ಕಾಲಿಗೆ ಒದೆಯುವ ಹಾಗೆಯೇ. ಎಕ್ಸ್‌ಬಾಕ್ಸಿನ ಟ್ರಿಗರ್‌ಗಳೂ 2013ರಿಂದ ನಡುಗುತ್ತ ಬಂದಿವೆ, ಆದರೆ ಅವು ಬಿಗಿಯಾಗುವುದಿಲ್ಲ. ರೇಸಿಂಗ್ ಆಟದ ಮಟ್ಟಿಗೆ ನಾನು ಪ್ಲೇಸ್ಟೇಷನ್ ಪಕ್ಷಕ್ಕೆ ಒಂದು ಅಂಕ ಕೊಡುವುದಾದರೆ ಇಲ್ಲಿ.

‘ಫೋರ್ಝಾ ಬೇಕಾದರೆ ಎಕ್ಸ್‌ಬಾಕ್ಸೇ ಬೇಕು’ ಎಂಬುದು ನಿಮ್ಮ ತಮ್ಮನ ಬತ್ತಳಿಕೆಯ ಮುಖ್ಯ ಬಾಣವಾಗಿರಬಹುದು. ಅದು ಹಳೆಯ ಮಾತಾಯಿತು. ಫೋರ್ಝಾ ಹೊರೈಜನ್ 5 ಎಕ್ಸ್‌ಬಾಕ್ಸಿಗೂ ಪಿಸಿಗೂ 2021ರಲ್ಲಿ ಬಂದರೂ, 2025ರ ಏಪ್ರಿಲಿನಲ್ಲಿ ಅದೇ ಆಟ ಪ್ಲೇಸ್ಟೇಷನ್ 5ಕ್ಕೂ ಬಂತು. ಗ್ರ್ಯಾನ್ ಟುರಿಸ್ಮೊ ಮಾತ್ರ 1997ರಲ್ಲಿ ಹುಟ್ಟಿದಾಗಿನಿಂದ ಸೋನಿಯ ಮನೆ ಬಿಟ್ಟು ಹೊರಟಿಲ್ಲ. ಒಂದು ಎಚ್ಚರಿಕೆ: ನಿಮ್ಮ ತಮ್ಮ ಎಕ್ಸ್‌ಬಾಕ್ಸಿನಲ್ಲಿ ಇದುವರೆಗೆ ಗಳಿಸಿದ ಕಾರುಗಳೂ ಪ್ರಗತಿಯೂ ಪ್ಲೇಸ್ಟೇಷನ್ ಆವೃತ್ತಿಗೆ ದಾಟುವುದಿಲ್ಲ. ಆಟವನ್ನು ಮತ್ತೊಮ್ಮೆ ಕೊಂಡು ಮೊದಲಿನಿಂದ ಶುರುಮಾಡಬೇಕು. ವರ್ಷಗಟ್ಟಲೆ ಕೂಡಿಹಾಕಿದವರಿಗೆ ಇದು ಸಣ್ಣ ಸಂಕಟವಲ್ಲ.

ಈಗ ಆಟಗಳಿಗೇ ಬರೋಣ. ‘ಡ್ರೈವಿಂಗ್ ಸ್ಕೂಲು’ ಎಂಬ ನಿಮ್ಮ ತಮ್ಮನ ಹಂಗಿಸುವ ಮಾತಿನಲ್ಲೂ ಸತ್ಯವಿದೆ, ಮತ್ತು ನಿಮ್ಮ ಹೆದರಿಕೆಗೂ ಆ ಮಾತಿಗೂ ನೇರ ಸಂಬಂಧವಿದೆ.

ರೇಸಿಂಗ್ ಆಟವೊಂದನ್ನು ಅಳೆಯುವಾಗ ನಾನು ಎರಡು ಸಂಗತಿ ನೋಡುತ್ತೇನೆ. ಟೈರು ಹೇಗೆ ವರ್ತಿಸುತ್ತದೆ ಎಂಬುದು ಒಂದು, ಆಟ ಯಾವುದಕ್ಕೆ ಬಹುಮಾನ ಕೊಡುತ್ತದೆ ಎಂಬುದು ಇನ್ನೊಂದು. ಕಾರು ಎಷ್ಟು ಚೆನ್ನಾಗಿ ಹೊಳೆಯುತ್ತದೆ, ಪಟ್ಟಿಯಲ್ಲಿ ಎಷ್ಟು ಕಾರುಗಳಿವೆ ಎಂಬುದೆಲ್ಲ ಅಂಗಡಿಯವರ ಮಾತು.

ಟೈರಿನದು ಹೀಗೆ. ನಿಜವಾದ ರಸ್ತೆಯಲ್ಲಿ ಟೈರಿಗೆ ಇರುವ ಹಿಡಿತಕ್ಕೆ ಒಂದು ಮಿತಿಯಿದೆ. ಆ ಹಿಡಿತವನ್ನು ವೇಗ ಇಳಿಸಲು ಬಳಸಬಹುದು, ತಿರುಗಲು ಬಳಸಬಹುದು, ಎರಡಕ್ಕೂ ಹಂಚಬಹುದು. ಆದರೆ ಎರಡಕ್ಕೂ ಪೂರ್ತಿ ಕೊಡಲು ಬರುವುದಿಲ್ಲ. ಬ್ರೇಕ್ ಪೂರ್ತಿ ಒತ್ತಿಕೊಂಡೇ ಸ್ಟಿಯರಿಂಗ್ ತಿರುಗಿಸಿದರೆ ಮುಂದಿನ ಚಕ್ರಗಳು ತಿರುಗಿಯೂ ಕಾರು ನೆಟ್ಟಗೆ ಹೋಗುತ್ತದೆ. ಗ್ರ್ಯಾನ್ ಟುರಿಸ್ಮೊದಂಥ ಆಟ ಈ ನಿಯಮವನ್ನು ಸಾಕಷ್ಟು ನಿಷ್ಠೆಯಿಂದ ಪಾಲಿಸುತ್ತದೆ. ಆದ್ದರಿಂದ ಆಡುವವನು ತಿರುವಿಗೆ ಮುಂಚೆ ನೆಟ್ಟಗಿನ ಹಾದಿಯಲ್ಲೇ ವೇಗ ಇಳಿಸಿ, ಬ್ರೇಕನ್ನು ನಿಧಾನವಾಗಿ ಬಿಡುತ್ತ ಬಿಡುತ್ತ ಚಕ್ರ ತಿರುಗಿಸುವುದನ್ನು ಕಲಿಯಲೇಬೇಕಾಗುತ್ತದೆ. ಬ್ರೇಕ್ ಹಿಡಿದಾಗ ಕಾರಿನ ಭಾರ ಮೂಗಿನ ಕಡೆ ವಾಲಿ ಹಿಂದಿನ ಚಕ್ರಗಳು ಹಗುರಾಗುವುದು, ಆಗ ಹಿಂಭಾಗ ಹೊರಳಲು ಹವಣಿಸುವುದು, ಇವೆಲ್ಲ ಅಲ್ಲಿ ಅನುಭವಕ್ಕೆ ಬರುತ್ತವೆ. ಅದರಲ್ಲಿರುವ ಲೈಸೆನ್ಸ್ ಪರೀಕ್ಷೆಗಳು ಬಹುಮಟ್ಟಿಗೆ ಇವನ್ನೇ ಬಿಡಿಬಿಡಿಯಾಗಿ ಕಲಿಸುವ ಪಾಠಗಳು. ಆಡುವವನಿಗೆ ಒಂದೇ ತಿರುವನ್ನು ಮತ್ತೆ ಮತ್ತೆ ತೆಗೆದುಕೊಳ್ಳುವ ತಾಳ್ಮೆ ಇರಬೇಕು, ಇಲ್ಲದವರಿಗೆ ಬೇಸರ ಖಚಿತ.

ಫೋರ್ಝಾ ಹೊರೈಜನ್ 5 ಇದೇ ಭೌತಶಾಸ್ತ್ರವನ್ನು ಬೇಕೆಂದೇ ಸಡಿಲಿಸುತ್ತದೆ. ಮೆಕ್ಸಿಕೊದ ಬೆಟ್ಟ, ಮರಳುಗಾಡು, ಪೇಟೆಗಳ ನಡುವೆ ಎಲ್ಲೆಂದರಲ್ಲಿ ಓಡಿಸಿಕೊಂಡು ಹೋಗುವ ಸುಖ ಅದರ ಜೀವಾಳ. ತಪ್ಪಿದರೆ ಗುಂಡಿಯೊಂದನ್ನು ಒತ್ತಿ ಕಾಲವನ್ನೇ ಹಿಂದಕ್ಕೆ ಸುತ್ತಬಹುದು. ಕೆಲಸ ಮುಗಿಸಿ ಅಂಧೇರಿಯಿಂದ ಲೋಕಲ್‌ನಲ್ಲಿ ನೇತಾಡಿಕೊಂಡು ಬಂದವನಿಗೆ ರಾತ್ರಿ ಬೇಕಾದದ್ದು ಬಹುಶಃ ಇದೇ, ಲೈಸೆನ್ಸ್ ಪರೀಕ್ಷೆಯಲ್ಲ. ಆದ್ದರಿಂದ ಯಾವುದು ಮೇಲು ಎಂಬ ನಿಮ್ಮ ಮನೆಯ ವಾಗ್ವಾದಕ್ಕೆ ತೀರ್ಪಿಲ್ಲ. ಇಬ್ಬರೂ ಬೇರೆ ಬೇರೆ ವಸ್ತುವನ್ನು ಕೇಳುತ್ತಿದ್ದಾರೆ, ಎರಡೂ ಆಯಾ ಬಗೆಯಲ್ಲಿ ಉತ್ತಮ ಆಟಗಳೇ.

ಬಹುಮಾನದ ವಿಷಯ ಹೆಚ್ಚು ಗಂಭೀರವಾದದ್ದು. ಗ್ರ್ಯಾನ್ ಟುರಿಸ್ಮೊ 7ರಲ್ಲಿ ಯಾರಿಗೂ ಗುದ್ದದೆ, ಹಾದಿ ಬಿಟ್ಟು ಅಡ್ಡದಾರಿ ಹಿಡಿಯದೆ ಪಂದ್ಯ ಮುಗಿಸಿದವನಿಗೆ ಹೆಚ್ಚುವರಿ ಹಣ ಸಿಗುತ್ತದೆ. ಹೊರೈಜನ್‌ನಲ್ಲಿ ಎದುರಿನ ವಾಹನಕ್ಕೆ ಕೂದಲೆಳೆಯಷ್ಟು ಅಂತರದಲ್ಲಿ ನುಗ್ಗಿ ಪಾರಾದರೆ ಅಂಕ, ಬೇಲಿ ಮುರಿದರೂ ಅಂಕ. ಪೊಲೀಸರಿಂದ ತಪ್ಪಿಸಿಕೊಂಡು ಓಡುವುದನ್ನೇ ಮೆರೆಸುವ ಬೀದಿ ರೇಸಿನ ಆಟಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ನೀವು ಮಗನ ಹಿಂದೆ ನಿಂತು ಹತ್ತು ನಿಮಿಷ ನೋಡಿದರೂ ಪರದೆಯ ಮೇಲೆ ಯಾವಾಗ ಅಂಕ ಮಿನುಗುತ್ತದೆ ಎಂಬುದರಿಂದ ಆಟದ ಸ್ವಭಾವ ಗೊತ್ತಾಗುತ್ತದೆ.

ಇದು ರಸ್ತೆಯ ಮೇಲಿನ ನಡತೆಗೆ ಅಂಟಿಕೊಳ್ಳುತ್ತದೆಯೇ? ಜರ್ಮನಿಯ ಮನೋವಿಜ್ಞಾನಿಗಳ ತಂಡವೊಂದು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೇಸಿಂಗ್ ಆಟ ಆಡಿದ ಕೂಡಲೇ ಯುವಕರು ಪರದೆಯ ಮೇಲೆ ತೋರಿಸಿದ ಸಂಚಾರದ ಸನ್ನಿವೇಶಗಳಲ್ಲಿ ಹೆಚ್ಚು ಅಪಾಯಕ್ಕೆ ಒಡ್ಡಿಕೊಳ್ಳುವ ನಿರ್ಧಾರ ತೆಗೆದುಕೊಂಡರು. ಅದೇ ತಂಡ ಮುಂದೆ ಇದನ್ನು ಬಿಡಿಸಿ ನೋಡಿದಾಗ, ಸಂಚಾರ ನಿಯಮ ಮುರಿದವನಿಗೆ ಬಹುಮಾನ ಕೊಡುವ ಆಟಗಳಲ್ಲಿ ಈ ಪರಿಣಾಮ ಕಾಣಿಸಿತು, ಅಂಥ ಬಹುಮಾನವಿಲ್ಲದ ಆಟಗಳಲ್ಲಿ ಕಾಣಿಸಲಿಲ್ಲ. ಇವು ಪ್ರಯೋಗಶಾಲೆಯಲ್ಲಿ ಆಟದ ಬೆನ್ನಿಗೇ ಅಳೆದ ಫಲಿತಾಂಶಗಳು. ಆಟ ಆಡಿದ ಹುಡುಗ ಎರಡು ವರ್ಷದ ಮೇಲೆ ಅಪಘಾತ ಮಾಡುತ್ತಾನೆ ಎಂದು ಇವುಗಳಿಂದ ಹೇಳಲಾಗದು. ಆದರೆ ‘ಅದು ಬರೀ ಆಟ’ ಎಂದು ತಳ್ಳಿಹಾಕುವ ನನ್ನ ವೃತ್ತಿಬಾಂಧವರ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಬೀದಿ ರೇಸಿನ ಆಟ ಮುಗಿಸಿ ಕಂಟ್ರೋಲರ್ ಕೆಳಗಿಟ್ಟವನು ಅದೇ ಗಳಿಗೆಯಲ್ಲಿ ಸ್ಕೂಟರಿನ ಕೀಲಿ ಎತ್ತಿಕೊಳ್ಳುವುದು ಬೇಡ ಎಂಬಷ್ಟು ನಿಯಮವನ್ನು ಮನೆಯಲ್ಲಿ ಮಾಡುವುದು ನ್ಯಾಯವೇ.

ನಿಜವಾದ ಅಪಾಯ ಬೇರೆ ಕಡೆಯಿಂದ ಬರುತ್ತದೆ. 2024ರ ಮೇ ತಿಂಗಳಲ್ಲಿ ನಮ್ಮ ಪುಣೆಯ ಕಲ್ಯಾಣಿನಗರದಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದನೆನ್ನಲಾದ ಕಾರು ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ತೀರಿಕೊಂಡರು. ಆಮೇಲೆ ಇಲ್ಲಿನ ಮನೆಮನೆಯಲ್ಲೂ ನಿಮ್ಮ ಪ್ರಶ್ನೆಯೇ ಕೇಳಿಬಂತು. ಅಲ್ಲಿ ಚರ್ಚೆಯಾದದ್ದು ಕಾರಿನ ಕೀಲಿ ಯಾರ ಕೈಯಲ್ಲಿತ್ತು ಎಂಬುದು, ಕನ್ಸೋಲ್ ಯಾವುದಿತ್ತು ಎಂಬುದಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಕ ವಾಹನ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೆ ಅಥವಾ ಮಾಲಿಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ಬೀಳಬಹುದು, ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಹೆದರಿಸಲು ಹೇಳುತ್ತಿಲ್ಲ, ಕಾರಿನ ವ್ಯಾಮೋಹವಿರುವ ಹುಡುಗನಿಗೆ ಕೊನೆಯ ವಾಕ್ಯವೊಂದೇ ಸಾಕಾಗುತ್ತದೆ.

ಸ್ಟಿಯರಿಂಗ್ ಚಕ್ರದ ಬಗ್ಗೆ. ಲಾಜಿಟೆಕ್‌ನಂಥ ಕಂಪನಿಯ ಮಧ್ಯಮ ದರ್ಜೆಯ ಚಕ್ರ 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗುತ್ತದೆ. ಒಳಗಿನ ಮೋಟಾರು ಟೈರಿನ ಹಿಡಿತಕ್ಕೆ ತಕ್ಕಂತೆ ಕೈಗೆ ಎದುರೊತ್ತು ಕೊಡುತ್ತದೆ. ಇದರಿಂದ ಕಲಿಯಬಹುದಾದದ್ದು ಹಲವಿದೆ: ದೃಷ್ಟಿಯನ್ನು ಬಾನೆಟ್ಟಿನ ಮೇಲಿಂದ ಎತ್ತಿ ತಿರುವಿನ ಆಚೆಗೆ ಇಡುವುದು, ಹಿಂಭಾಗ ಜಾರಿದಾಗ ಚಕ್ರವನ್ನು ಜಾರಿದ ಕಡೆಗೇ ತಿರುಗಿಸಿ ಸಾವರಿಸುವುದು, ಬ್ರೇಕನ್ನು ಹದವಾಗಿ ಬಳಸುವುದು. ನಿಸ್ಸಾನ್ ಮತ್ತು ಸೋನಿ 2008ರಲ್ಲಿ ಶುರುಮಾಡಿದ ಜಿಟಿ ಅಕಾಡೆಮಿಯಿಂದ ಸ್ಪೇನಿನ ಲೂಕಾಸ್ ಒರ್ದೋನ್ಯೆಸ್ ಮೊದಲಾದವರು ಆಟದಿಂದಲೇ ನಿಜವಾದ ರೇಸಿಗೆ ಹೋದದ್ದೂ ಉಂಟು. ಆದರೆ ಅವರು ಹೋದದ್ದು ರೇಸ್ ಹಾದಿಗೆ. ಕಲ್ಯಾಣ–ಶಿಳ್ ರಸ್ತೆಯಲ್ಲಿ ಸಂಜೆ ಆರಕ್ಕೆ ಓಡಿಸಲು ಬೇಕಾದದ್ದು ಎಡಗನ್ನಡಿ ನೋಡುವ ಅಭ್ಯಾಸ, ರಿಕ್ಷಾ ಎಲ್ಲಿ ತಟಕ್ಕನೆ ನಿಲ್ಲುತ್ತದೆ ಎಂಬ ಊಹೆ, ಮಳೆನೀರು ತುಂಬಿದ ಹೊಂಡದ ಆಳದ ಅಂದಾಜು, ಮತ್ತು ಒಂದಿಷ್ಟು ಭಯ. ಇವನ್ನು ಯಾವ ಆಟವೂ ಕಲಿಸುವುದಿಲ್ಲ. ಜೊತೆಗೆ ಮೆಕ್ಸಿಕೊದಲ್ಲಿ ವಾಹನಗಳು ಬಲಬದಿಯಲ್ಲಿ ಓಡುತ್ತವೆ, ಹೊರೈಜನ್ 5ರಲ್ಲೂ ಹಾಗೆಯೇ. ರಸ್ತೆ ಕಲಿಯಲು ಅದನ್ನು ಆಡುವುದು ಉಲ್ಟಾ ಪಾಠ.

ಚಕ್ರ ಕೊಳ್ಳುವುದೇ ಆದರೆ ಒಂದು ಬಲೆಯಿದೆ. ಪ್ಲೇಸ್ಟೇಷನ್‌ಗೆ ಮಾಡಿದ ಚಕ್ರ ಎಕ್ಸ್‌ಬಾಕ್ಸಿನಲ್ಲಿ ಕೆಲಸ ಮಾಡುವುದಿಲ್ಲ, ಎಕ್ಸ್‌ಬಾಕ್ಸಿನದು ಪ್ಲೇಸ್ಟೇಷನ್‌ನಲ್ಲಿ ಇಲ್ಲ. ತಾಂತ್ರಿಕವಾಗಿ ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದರೂ, ಆಯಾ ಕಂಪನಿಯ ಪರವಾನಗಿ ಪಡೆದ ಉಪಕರಣವನ್ನು ಮಾತ್ರ ಆಯಾ ಕನ್ಸೋಲ್ ಒಪ್ಪಿಕೊಳ್ಳುತ್ತದೆ. ಲಾಜಿಟೆಕ್ ಜಿ29 ಪ್ಲೇಸ್ಟೇಷನ್‌ಗೆ, ಜಿ920 ಎಕ್ಸ್‌ಬಾಕ್ಸಿಗೆ. ಜಿ923 ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಆವೃತ್ತಿಗಳಿವೆ, ಅಲ್ಲಿಯೇ ಜನ ಮೋಸ ಹೋಗುವುದು. ಗೇರ್ ಹಾಕುವ ಕೋಲು ಇವುಗಳ ಜೊತೆ ಬರುವುದಿಲ್ಲ, ಬೇರೆಯೇ ಕೊಳ್ಳಬೇಕು. ಮೇಜಿಗೆ ಗಟ್ಟಿಯಾಗಿ ಬಿಗಿಯಬೇಕು, ಪೆಡಲುಗಳು ನುಣುಪು ಟೈಲ್ಸಿನ ಮೇಲೆ ಹಿಂದೆ ಹಿಂದೆ ಜಾರುತ್ತವೆ, ಚಕ್ರದ ಕಟಕಟ ಸದ್ದು ರಾತ್ರಿ ಕೆಳಗಿನ ಮನೆಯವರಿಗೆ ಕೇಳುತ್ತದೆ. ಕನ್ಸೋಲಿನ ಸುಮಾರು ಅರ್ಧದಷ್ಟು ಬೆಲೆಯ ಈ ವಸ್ತುವನ್ನು ಮೊದಲ ವರ್ಷ ಕೊಳ್ಳಬೇಡಿ ಎಂದು ನನ್ನ ಸಲಹೆ. ಒಂದು ವರ್ಷದ ಮೇಲೂ ಹುಡುಗ ಅದೇ ಆಟವನ್ನು ಆಡುತ್ತಿದ್ದರೆ ಆಗ ಯೋಚಿಸಬಹುದು.

ತಲೆಸುತ್ತಿಗೆ ಉತ್ತರ ಸರಳ. ಆಗುಂಬೆ ಘಾಟಿಯಲ್ಲಿ ವಾಂತಿ ಬರುವುದು ಪ್ರಯಾಣಿಕರಿಗೆ, ಬಸ್ಸು ಓಡಿಸುವವನಿಗಲ್ಲ. ಮುಂದಿನ ತಿರುವು ಎತ್ತ ಎಂದು ಅವನ ಕೈಗೆ ಮೊದಲೇ ಗೊತ್ತಿರುತ್ತದೆ. ಆಟದಲ್ಲಿ ಕಣ್ಣು ‘ಓಡುತ್ತಿದ್ದೇವೆ’ ಎನ್ನುತ್ತದೆ, ಒಳಕಿವಿಯ ಸಮತೋಲನದ ಅಂಗ ‘ಕುಳಿತಿದ್ದೇವೆ’ ಎನ್ನುತ್ತದೆ. ಈ ವಿರೋಧವನ್ನು ಆಡುವವನ ಮಿದುಳು ನಿರೀಕ್ಷೆಯಿಂದ ಸರಿದೂಗಿಸುತ್ತದೆ, ಪಕ್ಕದಲ್ಲಿ ಕುಳಿತ ನಿಮ್ಮದು ಸರಿದೂಗಿಸಲಾರದು. ಕೋಣೆಯ ದೀಪ ಆರಿಸದೆ, ಪರದೆಯಿಂದ ದೂರ ಕುಳಿತು, ಕಾರಿನ ಒಳಗಿನ ನೋಟದ ಬದಲು ಹಿಂದಿನಿಂದ ಕಾಣುವ ಕ್ಯಾಮೆರಾ ಆರಿಸಿಕೊಂಡು, ಸೆಟ್ಟಿಂಗಿನಲ್ಲಿ ಮೋಷನ್ ಬ್ಲರ್ (ವೇಗಕ್ಕೆ ಚಿತ್ರವನ್ನು ಮಸುಕು ಮಾಡುವ ಪರಿಣಾಮ) ಆಫ್ ಮಾಡಿದರೆ ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ.

ಈಗ ಕೊಳ್ಳುವ ಮಾತು. ನಾನಾಗಿದ್ದರೆ ಮೊದಲು ಟಿವಿಯನ್ನು ಗೇಮ್ ಮೋಡಿಗೆ ಹಾಕಿ ಹದಿನೈದು ದಿನ ಏನನ್ನೂ ಕೊಳ್ಳದೆ ನೋಡುತ್ತಿದ್ದೆ. ಆಗಲೂ ಮಗನಿಗೆ ಗ್ರ್ಯಾನ್ ಟುರಿಸ್ಮೊ ಬಗೆಯ ಆಟವೇ ಬೇಕೆಂದಾದರೆ, ನಿಮ್ಮ ಮನೆಗೆ ಡಿಸ್ಕ್ ಕಿಂಡಿಯಿರುವ ಪ್ಲೇಸ್ಟೇಷನ್ 5 ಸರಿಯಾದ ಆಯ್ಕೆ. ಎರಡೂ ಆಟ ಅದರಲ್ಲಿ ಸಿಗುತ್ತವೆ ಎಂಬುದು ಒಂದು ಕಾರಣ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಇನ್ನೊಂದು: ಗ್ರ್ಯಾನ್ ಟುರಿಸ್ಮೊ 7ರಲ್ಲಿ ಪರದೆಯನ್ನು ಇಬ್ಭಾಗ ಮಾಡಿ ಮಾವ–ಅಳಿಯ ಒಂದೇ ಸೋಫಾದ ಮೇಲೆ ಕುಳಿತು ಒಬ್ಬರನ್ನೊಬ್ಬರು ಅಟ್ಟಬಹುದು. ಹೊರೈಜನ್ 5ರಲ್ಲಿ ಆ ಸೌಲಭ್ಯ ಇಲ್ಲವೇ ಇಲ್ಲ, ಅದಕ್ಕೇ ಅವರು ಸರದಿ ಕಾಯುತ್ತಿದ್ದರು. ಇನ್ನೊಂದು ಕಂಟ್ರೋಲರಿಗೆ ಹಣ ಎತ್ತಿಡಿ. ಆಡಿ ಮುಗಿಸಿದ ಡಿಸ್ಕುಗಳನ್ನು ಮಾರಬಹುದು, ಹಳೆಯದನ್ನು ಅರ್ಧ ಬೆಲೆಗೆ ಕೊಳ್ಳಬಹುದು. ಆಟವೊಂದಕ್ಕೆ ನಾಲ್ಕೈದು ಸಾವಿರ ತೆರುವ ನಮ್ಮಲ್ಲಿ ಇದು ವರ್ಷದ ಖರ್ಚನ್ನೇ ಬದಲಿಸುತ್ತದೆ.

ಅದರ ತೊಂದರೆಗಳನ್ನೂ ಹೇಳಬೇಕು. ಗ್ರ್ಯಾನ್ ಟುರಿಸ್ಮೊ 7ರ ಬಹುಪಾಲು ಭಾಗ ಇಂಟರ್ನೆಟ್ ಇಲ್ಲದಿದ್ದರೆ ತೆರೆಯುವುದೇ ಇಲ್ಲ, ಒಬ್ಬನೇ ಆಡುವಾಗಲೂ. 2022ರ ಮಾರ್ಚಿನಲ್ಲಿ ಅದರ ಸರ್ವರುಗಳು 30 ಗಂಟೆಗೂ ಹೆಚ್ಚು ಕಾಲ ಮಲಗಿದ್ದಾಗ ಹಣ ಕೊಟ್ಟು ಕೊಂಡವರು ಸುಮ್ಮನೆ ಕುಳಿತರು. ದುಬಾರಿ ಕಾರುಗಳಿಗೆ ಬೇಕಾದ ಆಟದ ಹಣವನ್ನು ನಿಜವಾದ ಹಣ ಕೊಟ್ಟು ಕೊಳ್ಳಲೂ ಅದು ಬಾಗಿಲು ತೆರೆದಿಟ್ಟಿದೆ. ಮಗನ ಖಾತೆಯನ್ನು ನಿಮ್ಮ ಖಾತೆಯ ಅಡಿಯಲ್ಲಿ ಮಾಡಿ, ತಿಂಗಳ ಖರ್ಚಿನ ಮಿತಿಯನ್ನು ಸೊನ್ನೆಗೆ ಇಡಿ, ಬ್ಯಾಂಕ್ ಕಾರ್ಡಿನ ವಿವರವನ್ನು ಕನ್ಸೋಲಿನಲ್ಲಿ ಉಳಿಸಬೇಡಿ. ಪೆಟ್ಟಿಗೆಯೂ ದೊಡ್ಡದು, ಬಿಸಿಗಾಳಿ ಉಗುಳುತ್ತದೆ. ಟಿವಿ ಕಪಾಟಿನ ಮುಚ್ಚಿದ ಖಾನೆಯೊಳಗೆ ತುರುಕಬಾರದು.

ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಕಡಿಮೆ ಖರ್ಚಿನ ದಾರಿ. ನಿಮ್ಮ ತಮ್ಮ ಹೊರೈಜನ್ 5ನ್ನು ಡಿಜಿಟಲ್ ಆಗಿ ಕೊಂಡಿದ್ದರೆ ಅದೇ ಖರೀದಿಯ ಮೇಲೆ, ಅದೇ ಪ್ರಗತಿಯೊಡನೆ, 60 ಚಿತ್ರಗಳ ವೇಗದಲ್ಲಿ ಅದು ಇದರಲ್ಲಿ ಓಡುತ್ತದೆ. ಡಿಸ್ಕ್ ಕೊಂಡಿದ್ದರೆ ಆ ಡಿಸ್ಕ್ ನಿರುಪಯೋಗಿ. ಗ್ರ್ಯಾನ್ ಟುರಿಸ್ಮೊ ಇದರಲ್ಲಿ ಎಂದಿಗೂ ಬಂದಿಲ್ಲವಾದ್ದರಿಂದ ಮಗನ ಕೊರಗು ಉಳಿಯುತ್ತದೆ. ಡಿಜಿಟಲ್ ಆಟಗಳ ಇನ್ನೊಂದು ವಾಸ್ತವ ತಿಳಿದಿರಲಿ: ಕಾರು ಕಂಪನಿಗಳ ಮತ್ತು ಸಂಗೀತದ ಪರವಾನಗಿ ಮುಗಿದಾಗ ರೇಸಿಂಗ್ ಆಟಗಳು ಅಂಗಡಿಯಿಂದಲೇ ಮಾಯವಾಗುತ್ತವೆ. ಫೋರ್ಝಾ ಹೊರೈಜನ್ 4 ಹೀಗೆ 2024ರ ಡಿಸೆಂಬರಿನಲ್ಲಿ ಮಾರಾಟದಿಂದ ಹೊರಬಿತ್ತು. ಮೊದಲೇ ಕೊಂಡವರು ಆಡಬಹುದು, ಹೊಸಬರು ಕೊಳ್ಳಲಾರರು. ಹೇಗೂ ಮಗನ ಓದಿಗೆ ಒಳ್ಳೆಯ ಗ್ರಾಫಿಕ್ಸ್ ಚಿಪ್ ಇರುವ ಕಂಪ್ಯೂಟರ್ ಬೇಕಾಗುವುದಿದ್ದರೆ, ಎರಡೂ ಬಗೆಯ ಚಕ್ರ ಒಪ್ಪುವ ಮತ್ತು ಅಸೆಟ್ಟೊ ಕೊರ್ಸಾದಂಥ ಗಂಭೀರ ಆಟಗಳಿರುವ ಪಿಸಿಯ ದಾರಿಯೂ ಇದೆ. ಆದರೆ ಓದಿನ ಮೇಜಿನ ಮೇಲೆಯೇ ಆಟ ಇರುತ್ತದೆ ಎಂಬುದನ್ನು ಯೋಚಿಸಿ ನಿರ್ಧರಿಸಿ.

ಲ್ಯಾಮಿಂಗ್ಟನ್ ರಸ್ತೆಯಲ್ಲಿ ಪ್ರಾಮಾಣಿಕ ವ್ಯಾಪಾರಿಗಳು ಬೇಕಾದಷ್ಟಿದ್ದಾರೆ, ಪ್ರಶ್ನೆ ಅಂಗಡಿಯದಲ್ಲ, ಪೆಟ್ಟಿಗೆ ಯಾವ ದೇಶಕ್ಕೆಂದು ತಯಾರಾದದ್ದು ಎಂಬುದು. ದುಬೈ ಅಥವಾ ಜಪಾನಿನಿಂದ ಬಂದ ಕನ್ಸೋಲಿಗೆ ಭಾರತದ ವಾರಂಟಿ ಅನ್ವಯಿಸುವುದಿಲ್ಲ. ‘ಅಂಗಡಿ ವಾರಂಟಿ’ ಎಂದು ಚೀಟಿಯಲ್ಲಿ ಬರೆದುಕೊಡುವುದಕ್ಕೆ ಆ ಅಂಗಡಿ ಇರುವವರೆಗೆ ಮಾತ್ರ ಬೆಲೆ. ಬೇರೆ ದೇಶದ ಡಿಸ್ಕ್ ಆಡಲು ತೊಂದರೆಯಿಲ್ಲ, ಆದರೆ ಅದಕ್ಕೆ ಸಿಗುವ ಹೆಚ್ಚುವರಿ ಭಾಗಗಳು ಭಾರತದ ಖಾತೆಯಲ್ಲಿ ಕೂಡಿಕೊಳ್ಳದೆ ಹೋಗಬಹುದು. ಹಬ್ಬದ ರಿಯಾಯಿತಿಯಲ್ಲಿ ಅಧಿಕೃತ ಬೆಲೆಯೇ ಕೆಲವು ಸಾವಿರ ಇಳಿಯುವುದುಂಟು, ಆಗ ಆಮದಿನ ಲಾಭ ಬಹುಮಟ್ಟಿಗೆ ಕರಗಿಹೋಗುತ್ತದೆ. ಎಲ್ಲೇ ಕೊಂಡರೂ ಜಿಎಸ್‌ಟಿ ಬಿಲ್ ಕೇಳಿ, ಬಿಲ್ಲಿನ ಮೇಲಿನ ಸೀರಿಯಲ್ ಸಂಖ್ಯೆ, ರಟ್ಟಿನ ಪೆಟ್ಟಿಗೆಯ ಮೇಲಿನದು ಮತ್ತು ಯಂತ್ರದ ಹಿಂಬದಿಯದು ಮೂರೂ ಒಂದೇ ಇವೆಯೇ ಎಂದು ಅಂಗಡಿಯಲ್ಲೇ ತೆರೆಸಿ ನೋಡಿ, ಆಮೇಲೆ ಹಣ ಕೊಡಿ.